ರೋಗದ ಕಾವಲು, ವಲಸಿಗರ ಪಾಡು

(ಆರೋಗ್ಯ ಕಾರ್ಯಕರ್ತರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಕಳೆಂಜ ಮನೆಮನೆಗೆ ಬರುತ್ತಾನೆ. ಓಲೆಯ ಕೊಡೆ ಹಿಡಿದು ಅಂಗಳದಲ್ಲಿ ಕುಣಿಯುತ್ತಾನೆ. ಮನೆಯವರು ಅವನಿಗೆ ಅಕ್ಕಿ, ಹುಳಿ, ಮೆಣಸು, ಇದ್ದಲಿನ ತುಂಡು ಕೊಟ್ಟು ಕಳಿಸುತ್ತಾರೆ. ಊರಿಗೆ ಅಡರಿದ ಮಾರಿಯನ್ನು ಅವನು ಕಳೆಯುತ್ತಾನೆಂದು ನಂಬಿಕೆ. ಮಲೆನಾಡು, ಬಯಲುಸೀಮೆಗಳ ಅನೇಕ ಹಳ್ಳಿಗಳಲ್ಲಿ ಇದರ ರೂಪ ಬೇರೆ. ಸಿಡುಬೋ ವಾಂತಿಭೇದಿಯೋ ಬಂದಾಗ ಮಾರಿಯನ್ನು ಪೂಜಿಸಿ, ಮೆರವಣಿಗೆಯಲ್ಲಿ ಒಯ್ದು, ಊರ ಗಡಿಯಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಬರುವುದು. ಗಡಿಯಾಚೆಯ ಊರಿನವರು ಸುಮ್ಮನಿರುತ್ತಾರೆಯೇ? ಅವರು ಅದನ್ನು ತಮ್ಮ ಇನ್ನೊಂದು ಗಡಿಗೆ ಸಾಗಿಸುತ್ತಾರೆ. ಹೀಗೆ ಮಾರಿ ಊರಿಂದೂರಿಗೆ ಪಯಣ ಮಾಡುತ್ತಲೇ ಇರುತ್ತಾಳೆ.

ನಗಬೇಡಿ. ರೋಗ ಹೊರಗಿನಿಂದ ಬರುತ್ತದೆ, ಗಡಿಯಲ್ಲಿ ತಡೆದರೆ ಊರು ಉಳಿಯುತ್ತದೆ ಎಂಬ ಈ ತಿಳಿವಳಿಕೆಯಲ್ಲಿ ಒಂದಿಷ್ಟು ಸತ್ಯವೂ ಇದೆ. ತೊಂದರೆ ಹುಟ್ಟುವುದು ಮಾರಿ ನಿಂತಿದ್ದ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಿದಾಗ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಊರಿಗೆ ಬರುವ ಕೂಲಿಗಾರ ತನ್ನ ಗಂಟುಮೂಟೆಯ ಜೊತೆಗೆ ರೋಗವನ್ನೂ ತರುತ್ತಾನೆ ಎಂಬ ಗುಮಾನಿ ಎಲ್ಲ ಕಾಲದಲ್ಲೂ, ಎಲ್ಲ ದೇಶಗಳಲ್ಲೂ ಇದೆ. ಅಂಥವರಲ್ಲಿ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ಆರೋಗ್ಯ ಇಲಾಖೆಯ ಕಾಗದಪತ್ರಗಳಲ್ಲಿ 'ಸರ್ವೇಕ್ಷಣೆ' ಎನ್ನುತ್ತಾರೆ, 'ಕಣ್ಗಾವಲು' ಎಂದೂ ಕರೆಯುತ್ತಾರೆ. ಕಾವಲು ಎಂಬ ಶಬ್ದವನ್ನು ಗಮನಿಸಿ. ಕಳ್ಳನನ್ನು ಹಿಡಿಯುವುದಕ್ಕೂ ಕಾವಲು, ಬೆಳೆಯನ್ನು ಉಳಿಸಿಕೊಳ್ಳುವುದಕ್ಕೂ ಕಾವಲು. ವಲಸಿಗರ ವಿಷಯದಲ್ಲಿ ನಮ್ಮ ದೇಶ ಈ ಎರಡನ್ನೂ ಮಾಡಿ ನೋಡಿದೆ. ಎರಡರ ಫಲವೂ ದಾಖಲೆಯಲ್ಲಿದೆ. ನಾನು ಇತಿಹಾಸದ ವಿದ್ಯಾರ್ಥಿ, ವೈದ್ಯನಲ್ಲ. ಆದ್ದರಿಂದ ಔಷಧಿಯ ಮಾತಿಗಿಂತ ಆ ದಾಖಲೆಯ ಮಾತನ್ನೇ ಹೆಚ್ಚು ಆಡುತ್ತೇನೆ.

1896ರ ಸೆಪ್ಟೆಂಬರ್. ಮುಂಬಯಿ ಬಂದರಿನ ಬಳಿಯ ಮಾಂಡ್ವಿಯಲ್ಲಿ ಗೋವೆಯ ಮೂಲದ ವೈದ್ಯ ಡಾ. ಅಕಾಸಿಯೋ ವಿಯೇಗಾಸ್ ಅವರು ಜ್ವರ ಮತ್ತು ಗಡ್ಡೆಯಿದ್ದ ರೋಗಿಯೊಬ್ಬನನ್ನು ನೋಡಿ ಇದು ಪ್ಲೇಗು ಎಂದರು. ಮಾಂಡ್ವಿ ಎಂದರೆ ಧಾನ್ಯದ ಉಗ್ರಾಣಗಳ ಸೀಮೆ. ಧಾನ್ಯವಿದ್ದಲ್ಲಿ ಇಲಿ. ಇದು ಆಮೇಲೆ ಬಹಳ ಮುಖ್ಯವಾಗುವ ಸಂಗತಿ. ಆದರೆ ಆ ಹೊತ್ತಿನಲ್ಲಿ ಅಧಿಕಾರಿಗಳ ಕಣ್ಣು ಇಲಿಯ ಮೇಲಿರಲಿಲ್ಲ.

ಆಗ ಮುಂಬಯಿಯ ಜನಸಂಖ್ಯೆ ಎಂಟು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಮುಂದಿನ ಐದಾರು ತಿಂಗಳಲ್ಲಿ ಹತ್ತಿರಹತ್ತಿರ ಅರ್ಧ ಊರು ಖಾಲಿಯಾಯಿತು. ಬಟ್ಟೆ ಗಿರಣಿಗಳ ಕೂಲಿಗಾರರಲ್ಲಿ ಬಹುಮಂದಿ ರತ್ನಾಗಿರಿ ಮೊದಲಾದ ಕೊಂಕಣದ ಜಿಲ್ಲೆಗಳಿಂದ ಬಂದವರು. ಅವರು ಹಡಗು ಹತ್ತಿದರು, ರೈಲು ಹತ್ತಿದರು, ನಡೆದೂ ಹೋದರು. ತಿಂಗಳ ಸಂಬಳವನ್ನು ತಡಮಾಡಿ ಕೊಟ್ಟು ಆಳುಗಳನ್ನು ಕಟ್ಟಿಹಾಕುತ್ತಿದ್ದ ಗಿರಣಿ ಮಾಲೀಕರು ಈಗ ದಿನದ ಕೂಲಿಯನ್ನು ದಿನವೇ ಕೈಗೆ ಹಾಕಲು ಮುಂದಾದರು. ಒಂದು ಗಿರಣಿಯವರು ಇನ್ನೊಂದು ಗಿರಣಿಯ ಆಳನ್ನು ಹೆಚ್ಚು ಕೂಲಿಯ ಆಸೆ ತೋರಿಸಿ ಸೆಳೆದರು. ಬಡವನ ಬೆಲೆ ಮಾಲೀಕನಿಗೆ ತಿಳಿಯಲು ಪ್ಲೇಗು ಬರಬೇಕಾಯಿತು.

ಜನ ಓಡಿದ್ದು ಪ್ಲೇಗಿಗೆ ಹೆದರಿ ಮಾತ್ರ ಎಂದುಕೊಂಡರೆ ಅರ್ಧ ಕಥೆ ಮಾತ್ರ ತಿಳಿದಂತೆ. ಅವರು ಪ್ಲೇಗಿನ ಪತ್ತೆದಾರರಿಗೂ ಹೆದರಿದ್ದರು. ರೋಗಿಯನ್ನು ಮನೆಯಿಂದ ಬಲವಂತವಾಗಿ ಆಸ್ಪತ್ರೆಗೆ ಒಯ್ಯುವ ಅಧಿಕಾರವನ್ನು ಆ ಅಕ್ಟೋಬರಿನಲ್ಲಿ ಪುರಸಭೆ ತಾನೇ ವಹಿಸಿಕೊಂಡಿತು. ಅದೇ ತಿಂಗಳ ಕೊನೆಯಲ್ಲಿ ಸುಮಾರು ಸಾವಿರ ಗಿರಣಿ ಕೂಲಿಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಆ ಆಸ್ಪತ್ರೆಗೆ ಹೋದವರು ಹಿಂತಿರುಗುವುದಿಲ್ಲ ಎಂಬುದು ಚಾಳುಗಳಲ್ಲಿ ಹಬ್ಬಿದ್ದ ಮಾತು. ಸಾಯುವ ಹೊತ್ತಿಗೆ ಒಯ್ದ ರೋಗಿ ಅಲ್ಲಿ ಸಾಯುತ್ತಿದ್ದುದರಿಂದ ಆ ಮಾತಿಗೆ ಪುರಾವೆಯೂ ದಿನಾ ಸಿಗುತ್ತಿತ್ತು.

ಇನ್ನೊಂದು ಕಡೆಯಿಂದ ಐರೋಪ್ಯ ದೇಶಗಳ ಒತ್ತಡ. ಭಾರತದ ಸರಕಿಗೆ ಬಂದರು ಮುಚ್ಚುವ ಬೆದರಿಕೆ. 1897ರ ಮೊದಲ ತಿಂಗಳುಗಳಲ್ಲಿ ವೆನಿಸ್ಸಿನಲ್ಲಿ ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆ ವರ್ಷ ಮೆಕ್ಕಾ ಯಾತ್ರೆಯನ್ನೂ ನಿಲ್ಲಿಸಲಾಯಿತು. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಅದು ತೀರ ಚಿಕ್ಕ ಕಾಯಿದೆ, ನಾಲ್ಕೇ ಕಲಮುಗಳು. ರೈಲಿನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಬಹುದು, ರೋಗದ ಸಂಶಯವಿದ್ದರೆ ಬೇರೆ ಇರಿಸಬಹುದು ಎಂದು ಅದರಲ್ಲಿ ಬಿಡಿಸಿ ಹೇಳಲಾಗಿತ್ತು. ಕಾಯಿದೆಯಂತೆ ನಡೆದ ಅಧಿಕಾರಿಯ ಮೇಲೆ ದಾವೆ ಹೂಡುವಂತಿರಲಿಲ್ಲ. ತಪಾಸಣೆಗೆ ಒಳಗಾದವನಿಗೆ ಏನು ಸಿಗುತ್ತದೆ ಎಂಬ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ಈ ತಪಾಸಣೆ ಹೇಗಿರುತ್ತಿತ್ತು? ರೈಲು ನಿಂತೊಡನೆ ಮೂರನೆಯ ದರ್ಜೆಯವರನ್ನು ಇಳಿಸಿ ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಲ್ಲಿಸುವುದು. ಕತ್ತು, ಕಂಕುಳು, ತೊಡೆಯ ಸಂದು ಮುಟ್ಟಿ ಗಡ್ಡೆಯಿದೆಯೇ ಎಂದು ನೋಡುವುದು. ಜ್ವರವಿದ್ದರೆ ಬದಿಗೆ ನಿಲ್ಲಿಸುವುದು. ಮೈಲಿಗೆ ಬಟ್ಟೆಯ ಗಂಟನ್ನು ಔಷಧಿ ನೀರಿಗೆ ಅದ್ದುವುದು. ಮೇಲಿನ ದರ್ಜೆಯವರಿಗೆ ಡಬ್ಬಿಯಲ್ಲಿಯೇ ಮರ್ಯಾದೆಯ ತಪಾಸಣೆ. ಪರಪುರುಷನ ಕೈ ಹೆಂಗಸರ ಮೈ ಮುಟ್ಟುವುದು ಎಂಥ ಕ್ಷೋಭೆಗೆ ಕಾರಣವಾಯಿತೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕು ಶೋಧ ನಡೆಸಿದರು. 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಶಾಲಾ ಪುಸ್ತಕಗಳಲ್ಲಿ ಅದು ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಿ ಬರುತ್ತದೆ. ಆರೋಗ್ಯಶಾಸ್ತ್ರದ ಅಧ್ಯಾಯದಲ್ಲೂ ಬರಬೇಕಾದ ಘಟನೆ ಅದು.

ಮದರಾಸು ಪ್ರಾಂತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ಲೇಗಿನ ಸೀಮೆಯಿಂದ ಬಂದವರ ಕೈಗೆ ಒಂದು 'ಪಾಸ್‌ಪೋರ್ಟ್' ಕೊಟ್ಟರು. ವಿದೇಶಕ್ಕೆ ಹೋಗುವ ರಹದಾರಿಯಲ್ಲ, ತಾನು ಸೇರಬೇಕಾದ ಊರಿನ ವಿಳಾಸ ಬರೆಸಿ, ಅಲ್ಲಿ ಹತ್ತು ದಿನ ಪ್ರತಿದಿನವೂ ಅಧಿಕಾರಿಯ ಮುಂದೆ ಹಾಜರಾಗಿ ಮುಖ ತೋರಿಸಬೇಕೆಂಬ ಚೀಟಿ. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಟು. ರೈಲಿನಲ್ಲಿ ಆರೋಗ್ಯವಾಗಿ ಕಾಣುವವನು ಮೂರನೆಯ ದಿನ ಮಲಗಬಹುದು, ಆದ್ದರಿಂದ ಹತ್ತು ದಿನ ನೋಡಬೇಕು ಎಂಬ ವಿಚಾರ ಸರಿಯಾದದ್ದೇ. ಆದರೆ ದಿನಾ ಹಾಜರಿ ಹಾಕುವ ಕೂಲಿಗಾರನಿಗೆ ಅಂದಂದಿನ ಕೂಲಿ ಕೊಡುವವರು ಯಾರು? ಸುಳ್ಳು ಹೆಸರು, ಸುಳ್ಳು ವಿಳಾಸ ಬರೆಸುವುದು, ಒಂದು ನಿಲ್ದಾಣ ಮೊದಲೇ ಇಳಿದು ಹೊಲದ ಬದುವಿನ ಮೇಲೆ ನಡೆದು ಊರು ಸೇರುವುದು, ಕಾವಲಿನವನ ಕೈ ಬೆಚ್ಚಗೆ ಮಾಡುವುದು, ಇವೆಲ್ಲ ಶುರುವಾದವು. ನಿಲ್ದಾಣದಲ್ಲಿ ತಪ್ಪಿಸಿಕೊಂಡವನು ದಾಖಲೆಯಿಂದಲೂ ತಪ್ಪಿಸಿಕೊಂಡ. ಅವನು ಎಲ್ಲಿ ಮಲಗಿದ, ಅವನ ಮಗ್ಗುಲಲ್ಲಿ ಯಾರು ಮಲಗಿದರು ಎಂಬುದು ಯಾರಿಗೂ ತಿಳಿಯಲಿಲ್ಲ.

ಪ್ಲೇಗು ಮಾತ್ರ ರೈಲು ಹಳಿಯ ಜಾಡನ್ನೇ ಹಿಡಿದು ನಮ್ಮ ಕಡೆ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಹುಬ್ಬಳ್ಳಿಯಿಂದ ರೈಲಿನಲ್ಲೇ ಬಂತೆಂದು ಅಂದಿನಿಂದಲೂ ಹೇಳುತ್ತಾರೆ. ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದ ಹಿನ್ನೆಲೆಯಲ್ಲಿ ಈ ಪ್ಲೇಗಿದೆ. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳೂ ಆ ಕಾಲದ ನೆನಪೇ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಮೈಸೂರು ಸೀಮೆಯಂಥ ಸಾಧು ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ನಡೆಯುತ್ತಿದ್ದ 1898ರಲ್ಲಿಯೇ ಕರಾಚಿಯಲ್ಲಿ ಪಾಲ್ ಲೂಯಿ ಸೀಮೊಂಡ್ ಎಂಬ ಫ್ರೆಂಚ್ ವೈದ್ಯ ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪ್ರಯೋಗ ಮಾಡಿ ತೋರಿಸಿದ. ದೊಡ್ಡವರು ನಂಬಲಿಲ್ಲ. ಮುಂಬಯಿಯಲ್ಲಿ ನಡೆದ ಸಂಶೋಧನೆ ಅದನ್ನು ಖಚಿತಪಡಿಸುವ ಹೊತ್ತಿಗೆ 1905 ದಾಟಿತ್ತು. ಅಷ್ಟು ವರ್ಷ ಏನಾಗಿತ್ತೆಂದು ಯೋಚಿಸಿ. ಪ್ಲಾಟ್‌ಫಾರಂ ಮೇಲೆ ಕೂಲಿಗಾರನ ಕಂಕುಳು ಮುಟ್ಟಿ ನೋಡುತ್ತಿದ್ದಾಗ, ಅದೇ ರೈಲಿನ ಸರಕು ಡಬ್ಬಿಯಲ್ಲಿ ಧಾನ್ಯದ ಚೀಲಗಳ ನಡುವೆ ಇಲಿ, ಚಿಗಟಗಳು ಯಾವ ತಪಾಸಣೆಯೂ ಇಲ್ಲದೆ ಮುಂದಿನ ಊರು ಸೇರುತ್ತಿದ್ದವು. ವ್ಯಾಪಾರಿಯ ಚೀಲವನ್ನು ಬಿಚ್ಚಿಸುವುದಕ್ಕಿಂತ ಬಡವನ ಅಂಗಿ ಬಿಚ್ಚಿಸುವುದು ಸುಲಭ. ಎರಡು ದಶಕಗಳಲ್ಲಿ ಪ್ಲೇಗಿನಿಂದ ದೇಶದಲ್ಲಿ ಸತ್ತವರು ಒಂದು ಕೋಟಿ ಮುಟ್ಟಿದರು.

ಸ್ವಾರಸ್ಯವೆಂದರೆ ನಮ್ಮ ಹಳ್ಳಿಯವರಲ್ಲಿ ಸರ್ಕಾರಕ್ಕಿಂತ ಒಳ್ಳೆಯ ಕಣ್ಗಾವಲು ಇತ್ತು. 'ಇಲಿ ಬಿತ್ತು' ಎಂಬ ಮಾತನ್ನು ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಆ ಮನೆಯವರು ಪಾತ್ರೆ ಪದಾರ್ಥ ಕಟ್ಟಿಕೊಂಡು ಊರ ಹೊರಗೆ ಹೊಲದಲ್ಲಿ ಜೋಪಡಿ ಹಾಕಿಕೊಳ್ಳುತ್ತಿದ್ದರು. ಹೇಳುವವರು ಯಾರೂ ಬೇಕಿರಲಿಲ್ಲ. ಏಕೆಂದರೆ ಸುಳಿವು ಸಿಕ್ಕಿದ ಕೂಡಲೇ ಅದರಿಂದ ಲಾಭ ಅವರಿಗೇ ಆಗುತ್ತಿತ್ತು, ಜೀವ ಉಳಿಯುತ್ತಿತ್ತು.

ಹುಬ್ಬಳ್ಳಿಯಲ್ಲಿ ನಡೆದ ಇನ್ನೊಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಲಸಿಕೆಯ ಚೀಟಿಯಿದ್ದವರಿಗೆ ತಡೆ, ಪ್ರತ್ಯೇಕವಾಸಗಳಿಂದ ಕೆಲವು ಕಡೆ ವಿನಾಯಿತಿಯೂ ಇತ್ತು. ಅದೇ ಸರ್ಕಾರ, ಅದೇ ಜನ. ಒಂದು ಚೀಟಿಗೆ ಹೆದರಿ ಓಡಿದರು, ಇನ್ನೊಂದು ಚೀಟಿಗೆ ಸಾಲು ನಿಂತರು. ನಾನು ಇಂದು ಹೇಳಬೇಕೆಂದಿರುವುದರ ತಿರುಳು ಈ ಎರಡು ಚೀಟಿಗಳ ವ್ಯತ್ಯಾಸದಲ್ಲಿದೆ. ಪತ್ತೆಯಾದರೆ ಕೂಲಿ ಹೋಗುತ್ತದೆ, ಮಾನ ಹೋಗುತ್ತದೆ, ಇರುವ ಗುಡಿಸಲೂ ಹೋಗುತ್ತದೆ ಎಂದಾದರೆ ಯಾವನೂ ಪತ್ತೆಯಾಗುವುದಿಲ್ಲ. ಪತ್ತೆಯಾದರೆ ಏನಾದರೂ ಕೈಗೆ ಸಿಗುತ್ತದೆ ಎಂದಾದರೆ ಅವನೇ ಹುಡುಕಿಕೊಂಡು ಬರುತ್ತಾನೆ.

ಇನ್ನು ಸ್ವಾತಂತ್ರ್ಯಾನಂತರದ ಕಾಲಕ್ಕೆ ಬರೋಣ. ದೇಶ ಸ್ವತಂತ್ರವಾದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದವು. ಮಲೇರಿಯಾ ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು 'ಯಾರಿಗಾದರೂ ಜ್ವರ ಇದೆಯೇನಮ್ಮಾ?' ಎಂದು ಕೇಳುತ್ತಿದ್ದ. ಇದ್ದರೆ ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು ಮಾತ್ರೆ ಕೊಡುತ್ತಿದ್ದ. ಬಂದು ಹೋದ ತಾರೀಖನ್ನು ಗೋಡೆಯ ಮೇಲೆ ಬರೆಯುತ್ತಿದ್ದ. ಐವತ್ತು ದಾಟಿದವರಿಗೆ ತಮ್ಮ ಮನೆಯ ಬಾಗಿಲ ಪಕ್ಕದ ಆ ಅಂಕಿಗಳು ನೆನಪಿರಬಹುದು. 1965ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. ಎಂಥ ಸಾಧನೆ! ಹತ್ತೇ ವರ್ಷದಲ್ಲಿ ಅದು ಕೈಜಾರಿ, 1976ರಲ್ಲಿ 64 ಲಕ್ಷ ಮುಟ್ಟಿತು. ಕಾರಣಗಳು ಹಲವು: ಡಿಡಿಟಿಗೆ ಬಗ್ಗದ ಸೊಳ್ಳೆ, ಸೊರಗಿದ ಹಣ, ಗೆದ್ದೆವೆಂಬ ಮೈಮರೆವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಕಣ್ಗಾವಲು ನಿಂತಿದ್ದೇ ಗೋಡೆಯ ಮೇಲೆ. ಮನೆಯಿದ್ದವನಿಗೆ ಗೋಡೆ, ಗೋಡೆಯಿದ್ದವನಿಗೆ ತಾರೀಖು. ಅಣೆಕಟ್ಟಿನ ಕೆಲಸಕ್ಕೆ, ರಸ್ತೆ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಬಂದು ತಗಡು, ಗೋಣಿತಾಟಿನ ಕೆಳಗೆ ನಾಲ್ಕು ತಿಂಗಳಿದ್ದು ಹೋಗುವವನಿಗೆ ಬರೆಯಲು ಗೋಡೆಯೇ ಇಲ್ಲ. ಅವನು ತನ್ನೂರಿನ ಪಟ್ಟಿಯಲ್ಲಿ 'ಊರಲ್ಲಿಲ್ಲ', ಬಂದ ಊರಿನ ಪಟ್ಟಿಯಲ್ಲಿ 'ನಮ್ಮವನಲ್ಲ'.

1990ರ ದಶಕದಿಂದ ಮಂಗಳೂರು ಮಲೇರಿಯಾಕ್ಕೆ ಹೆಸರಾದದ್ದು ನಿಮಗೆ ಗೊತ್ತು. ಬಹುಮಹಡಿ ಕಟ್ಟಡಗಳು ಎದ್ದವು. ಕಟ್ಟಲು ಬಿಜಾಪುರ, ಬಾಗಲಕೋಟೆ, ರಾಯಚೂರು ಕಡೆಯವರು ಬಂದರು, ಆಮೇಲೆ ಬಿಹಾರ, ಬಂಗಾಳ, ಒಡಿಶಾದವರೂ ಬಂದರು. 'ಇವರೇ ತಂದರು' ಎಂಬ ಮಾತು ಕೂಡಲೇ ಹುಟ್ಟಿಕೊಂಡಿತು. ಮಲೇರಿಯಾ ಹೆಚ್ಚಿರುವ ಸೀಮೆಯಿಂದ ಬಂದ ಕೆಲವರ ರಕ್ತದಲ್ಲಿ ಪರೋಪಜೀವಿ ಇದ್ದಿರಬಹುದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ರಕ್ತದಲ್ಲಿದ್ದದ್ದು ಮತ್ತೊಬ್ಬರಿಗೆ ಹೋಗಲು ಸೊಳ್ಳೆ ಬೇಕು. ಪಟ್ಟಣದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸಿ ಶುದ್ಧ ನೀರನ್ನೇ ಹುಡುಕುವ ಜಾತಿ. ತಾರಸಿಗೆ ಕಟ್ಟಿ ನಿಲ್ಲಿಸುವ ಕ್ಯೂರಿಂಗ್ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ತೊಟ್ಟಿ, ಪಾಳುಬಾವಿ ಇವು ಅದರ ತವರು. ಆ ನೀರು ಯಾರದು? ಕೂಲಿಯವನದಲ್ಲ, ಕಟ್ಟಡದವನದು. ಅದೇ ತಾರಸಿಯ ಕೆಳಗೆ ಸೊಳ್ಳೆಪರದೆಯಿಲ್ಲದೆ ಮಲಗುವವನು ಮಾತ್ರ ಕೂಲಿಯವನು. ಆರೋಗ್ಯವಾಗಿ ಬಂದು ಇಲ್ಲಿ ಜ್ವರ ಅಂಟಿಸಿಕೊಂಡು ತನ್ನೂರಿಗೆ ಹೊತ್ತೊಯ್ದವರೂ ಉಂಟು. ಹಾಗೆ ಒಯ್ದವರ ಲೆಕ್ಕವನ್ನು ಯಾವ ಪಟ್ಟಣವೂ ತನ್ನ ಖಾತೆಗೆ ಬರೆದುಕೊಳ್ಳುವುದಿಲ್ಲ.

ಮಂಗಳೂರಿನಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಮಲೇರಿಯಾ. ಇದರ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತು ವಾರಗಳ, ತಿಂಗಳುಗಳ ನಂತರ ಮರುಕಳಿಸುತ್ತದೆ. ಅದನ್ನು ಬೇರು ಸಹಿತ ಕೀಳಲು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗುವುದು ವಾಡಿಕೆಯ ಚಿಕಿತ್ಸೆ. ಜ್ವರ ಮೂರನೆಯ ದಿನಕ್ಕೇ ಇಳಿದಿರುತ್ತದೆ. ಮೈ ನೆಟ್ಟಗಾದ ಮೇಲೆ ಹತ್ತು ದಿನ ಮಾತ್ರೆ ನುಂಗುವವರು ನಮ್ಮಲ್ಲೇ ಎಷ್ಟು ಮಂದಿ? ಅವನಂತೂ ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿರುತ್ತಾನೆ. ಇಲ್ಲಿ ಬೆರಳು ಚುಚ್ಚಿ 'ಪಾಸಿಟಿವ್' ಎಂದು ಬರೆದುಕೊಂಡರೆ ಕೆಲಸದ ಕಾಲುಭಾಗವೂ ಮುಗಿಯಲಿಲ್ಲ. ಹದಿನಾಲ್ಕನೆಯ ದಿನ ಅವನು ಎಲ್ಲಿರುತ್ತಾನೆ ಎಂಬುದು ಗೊತ್ತಾಗಬೇಕು. ಅದನ್ನು ಅವನೇ ಹೇಳಬೇಕು.

ಇದು ಆಗದ ಮಾತೇನಲ್ಲ. ಪೋಲಿಯೋ ವಿಷಯದಲ್ಲಿ ನಾವೇ ಮಾಡಿ ತೋರಿಸಿದ್ದೇವೆ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. 1997ರಿಂದ ಕಣ್ಗಾವಲಿನ ಜಾಲ ಹೆಣೆಯಲಾಯಿತು. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೂ ತಿಳಿಸಬೇಕು, ಕಾರಣ ಏನೇ ಇರಲಿ. ಎರಡು ಸಲ ಮಲದ ಮಾದರಿ ತೆಗೆದು, ತಣ್ಣಗೆ ಇಟ್ಟು, ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ವೈರಾಣುವಿನ ವಂಶಾವಳಿ ಬಿಡಿಸಿದಾಗ ಅದು ಯಾವ ಸೀಮೆಯಿಂದ ಹೊರಟದ್ದೆಂದು ತಿಳಿಯುತ್ತಿತ್ತು. ಉತ್ತರ ಪ್ರದೇಶ, ಬಿಹಾರಗಳ ವೈರಾಣು ದೂರದ ರಾಜ್ಯಗಳಲ್ಲಿ, ಹೊರದೇಶಗಳಲ್ಲೂ ಸಿಕ್ಕಿತು. 2010ರಲ್ಲಿ ತಜಿಕಿಸ್ತಾನದಲ್ಲಿ ನೂರಾರು ಮಕ್ಕಳನ್ನು ಕಾಡಿದ ವೈರಾಣುವಿನ ಮೂಲವೂ ಭಾರತವೇ. 2003ರಲ್ಲಿ ಕರ್ನಾಟಕದಲ್ಲೂ ಮೂವತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಪೋಲಿಯೋ ಬಂತು.

ಆಗ ಮಾಡಿದ್ದೇನು? ವಲಸಿಗರನ್ನು ತಡೆಯಲಿಲ್ಲ. ಅವರು ಇರುವಲ್ಲಿಗೆ ಹೋದರು. ಇಟ್ಟಿಗೆ ಗೂಡು, ಕಟ್ಟಡದ ಸೈಟು, ಅಲೆಮಾರಿಗಳ ಬಿಡಾರ, ಕೊಳೆಗೇರಿ ಎಂದು ಬೇರೆಯೇ ಪಟ್ಟಿ ಮಾಡಿದರು. ಹೋಳಿ, ದೀಪಾವಳಿ, ಛಠ್ ಹಬ್ಬಗಳಿಗೆ ಜನ ಊರಿಗೆ ಹೋಗುವ ದಿನಗಳಲ್ಲಿ ರೈಲು ನಿಲ್ದಾಣಗಳಲ್ಲಿ, ಓಡುವ ರೈಲಿನೊಳಗೆ ಮಕ್ಕಳ ಬಾಯಿಗೆ ಎರಡು ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚಿದರು. 1897ರಲ್ಲಿ ಜನ ತಲೆಮರೆಸಿಕೊಂಡು ಓಡಿದ ಅದೇ ಪ್ಲಾಟ್‌ಫಾರಂ. ಈಗ ತಾಯಂದಿರು ಮಗುವನ್ನು ಎತ್ತಿಕೊಂಡು ತಾವೇ ಮುಂದೆ ಬಂದರು.

ಎಲ್ಲರೂ ಎಲ್ಲ ಕಡೆಯೂ ಬಂದರೆಂದಲ್ಲ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಈ ಹನಿಯಿಂದ ಸಂತಾನ ನಿಲ್ಲುತ್ತದೆಂಬ ಪುಕಾರು ಹಬ್ಬಿತು. ತುರ್ತು ಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳನ್ನು ಜನ ಮರೆತಿರಲಿಲ್ಲ. ಜ್ವರಕ್ಕೆ ಔಷಧಿ ಇಲ್ಲ, ಚರಂಡಿ ಇಲ್ಲ, ಈ ಎರಡು ಹನಿಗೆ ಮಾತ್ರ ಏಕಿಷ್ಟು ಅವಸರ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಭೇದಿಯ ಚಿಕಿತ್ಸೆ, ನೈರ್ಮಲ್ಯ, ಇತರ ಲಸಿಕೆಗಳನ್ನು ಜೊತೆಗೆ ಸೇರಿಸಿ, ಊರಿನ ಹೆಂಗಸರನ್ನೇ ಕೆಲಸಕ್ಕೆ ಹಚ್ಚಿದ ಮೇಲೆ ಬಾಗಿಲುಗಳು ತೆರೆದವು. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಪ್ರಕರಣವೇ ಕಾಡು ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು.

ಈ ಕಾರ್ಯಕ್ರಮದಲ್ಲೇ ಬೆಳೆದ ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚಿಗೆ. ಅದು ಕೊಳಚೆ ನೀರಿನ ಪರೀಕ್ಷೆ. ಮುಂಬಯಿಯಲ್ಲಿ 2001ರಿಂದ ಮೋರಿಯ ನೀರನ್ನು ತೆಗೆದು ಪೋಲಿಯೋ ವೈರಾಣು ಇದೆಯೇ ಎಂದು ನೋಡುತ್ತ ಬಂದರು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ಶುದ್ಧೀಕರಣ ಘಟಕಗಳಲ್ಲೂ ಇಂಥದೇ ಪರೀಕ್ಷೆ ನಡೆಯಿತು. ಮೋರಿಯ ನೀರಿಗೆ ಹೆಸರಿಲ್ಲ, ಜಾತಿಯಿಲ್ಲ, ಆಧಾರ್ ಇಲ್ಲ. ರೋಗ ಈ ಬಡಾವಣೆಗೆ ಬಂದಿದೆ ಎಂದು ಅದು ಹೇಳುತ್ತದೆಯೇ ಹೊರತು ಇವನು ತಂದ ಎಂದು ಬೆರಳು ತೋರಿಸುವುದಿಲ್ಲ. ಆದರೆ ಮೋರಿಯೇ ಇಲ್ಲದ ಶೆಡ್ಡುಗಳ ಸುದ್ದಿಯನ್ನು ಅದೂ ಹೇಳಲಾರದು.

ಹೀಗೆ ಪೋಲಿಯೋದಲ್ಲಿ ಕಲಿತದ್ದನ್ನು 2020ರಲ್ಲಿ ಮರೆತೆವು. ಮಾರ್ಚ್ 25ರಿಂದ ಲಾಕ್‌ಡೌನ್. ಮಾರನೆಯ ವಾರದೊಳಗೆ ಹೆದ್ದಾರಿಗಳ ಮೇಲೆ ಗಂಟು ಹೊತ್ತ ಸಾಲುಗಳು. 1896ರ ಮುಂಬಯಿಯನ್ನು ಓದಿದ್ದವರಿಗೆ ಆಶ್ಚರ್ಯವಾಗಲಿಲ್ಲ. ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಗಾರರನ್ನು ನೆಲದ ಮೇಲೆ ಕೂರಿಸಿ ಅವರ ಮೇಲೆ ಕ್ರಿಮಿನಾಶಕ ದ್ರಾವಣ ಸಿಂಪಡಿಸಿದರು. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ರಾಜ್ಯ, ಕಟ್ಟಡ ಕೆಲಸ ಮತ್ತೆ ಆರಂಭವಾಗುವುದರಿಂದ ವಲಸಿಗರಿಗೆ ರೈಲು ಬೇಡ ಎಂದಿತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಬದಲಿಸಿತು. ಬಳಸಿದ ಕಾಯಿದೆಗಳಲ್ಲಿ ಅದೇ 1897ರದೂ ಒಂದು. ಅಂತರರಾಜ್ಯ ವಲಸೆ ಕಾರ್ಮಿಕರನ್ನು ಗುತ್ತಿಗೆದಾರ ನೋಂದಾಯಿಸಬೇಕೆಂಬ ಕಾನೂನು 1979ರಲ್ಲೇ ಬಂದಿತ್ತು. ಆ ನೋಂದಣಿ ಸರಿಯಾಗಿ ನಡೆದಿದ್ದರೆ ಯಾರು ಎಲ್ಲಿದ್ದಾರೆಂದು ಹುಡುಕಾಡಬೇಕಾಗಿರಲಿಲ್ಲ. ದಾರಿಯಲ್ಲಿ ಸತ್ತ ವಲಸಿಗರ ಲೆಕ್ಕ ತನ್ನಲ್ಲಿಲ್ಲವೆಂದು ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಅವರ ಮೈಬಿಸಿಯನ್ನು ಅಳೆಯಲು ಪ್ರತಿ ಚೆಕ್‌ಪೋಸ್ಟಿನಲ್ಲೂ ಉಪಕರಣವಿತ್ತು.

ಕೊನೆಯದಾಗಿ ಕ್ಷಯದ ಮಾತು. ಇಲ್ಲಿರುವ ಆರೋಗ್ಯ ಕಾರ್ಯಕರ್ತರಿಗೆ ಇದೇ ದಿನನಿತ್ಯದ ಕೆಲಸ. 2012ರಿಂದ ಪ್ರತಿ ಕ್ಷಯ ಪ್ರಕರಣವನ್ನೂ ತಿಳಿಸುವುದು ಕಡ್ಡಾಯವಾಗಿದೆ. 'ನಿಕ್ಷಯ್' ಎಂಬ ಗಣಕ ವ್ಯವಸ್ಥೆಯಲ್ಲಿ ರೋಗಿಗೊಂದು ಸಂಖ್ಯೆಯಿದೆ. ಅವನು ಬೇರೆ ಜಿಲ್ಲೆಗೆ ಹೋದರೆ ಆ ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಲ್ಲಿ 1000 ರೂಪಾಯಿಗೆ ಏರಿಸಲಾಯಿತು. ಇದು ಹಿಂದಿನ ಪ್ಲೇಗ್ ಪಾಸ್‌ಪೋರ್ಟಿಗಿಂತ ಎಷ್ಟೋ ವಾಸಿ. ಪತ್ತೆಯಾದವನಿಗೆ ಮಾತ್ರೆಯೂ ಉಂಟು, ಕಾಸೂ ಉಂಟು. ಆದರೆ ಕಾಸು ಬ್ಯಾಂಕಿಗೆ ಬರುತ್ತದೆ, ಮತ್ತು ಸಾಮಾನ್ಯ ಕ್ಷಯದ ಚಿಕಿತ್ಸೆಗೆ ಆರು ತಿಂಗಳು ಬೇಕು. ಆರು ತಿಂಗಳಲ್ಲಿ ಗೌಂಡಿ ಕೆಲಸದವನು ಎರಡು ಮೂರು ಸೈಟು ಬದಲಿಸುತ್ತಾನೆ. ಕೆಮ್ಮಿನ ವಿಷಯ ತಿಳಿದರೆ ಮೇಸ್ತ್ರಿ ಶೆಡ್ಡು ಬಿಡಿಸುತ್ತಾನೆಂಬ ಹೆದರಿಕೆ ಬೇರೆ.

ಆದ್ದರಿಂದ ಬೆಳಗ್ಗೆ ಹತ್ತು ಗಂಟೆಗೆ ಸೈಟಿಗೆ ಹೋಗಬೇಡಿ. ಆಗ ಶೆಡ್ಡಿನಲ್ಲಿ ಸಿಗುವವರು ಕೂಸುಗಳು, ಅವನ್ನು ನೋಡಿಕೊಳ್ಳುವ ಎಂಟು ವರ್ಷದ ಹುಡುಗಿ ಮತ್ತು ಒಂದು ನಾಯಿ. ಬಟವಾಡೆಯ ದಿನ ಸಂಜೆ ಹೋಗಿ. ಅಂದು ಎಲ್ಲರೂ ಇರುತ್ತಾರೆ, ಮುಂದಿನ ವಾರ ಎಲ್ಲಿ ಕೆಲಸವೆಂಬ ಮಾತೂ ಅಂದೇ ನಡೆಯುತ್ತದೆ. ಕೆಮ್ಮಿನ ಪ್ರಶ್ನೆಯನ್ನು ಮೇಸ್ತ್ರಿಯ ಎದುರಿಗೆ ಕೇಳಬೇಡಿ. ವಿಳಾಸ ಎಂಬ ಕಾಲಂನಲ್ಲಿ ಗುತ್ತಿಗೆದಾರನ ಹೆಸರು ಬರೆದು ಮುಗಿಸದೆ, ಅವನ ಊರು, ಊರಿನಲ್ಲಿ ಫೋನು ಎತ್ತುವವರು ಯಾರು, ಯಾವ ಹಬ್ಬಕ್ಕೆ ಹೋಗುತ್ತಾನೆ, ಬಿತ್ತನೆಗೆ ಹೋದರೆ ಯಾವಾಗ ಬರುತ್ತಾನೆ ಎಂದು ಕೇಳಿ ಬರೆದುಕೊಳ್ಳಿ. ಊರಿಗೆ ಹೊರಟವನ ಕೈಗೆ ಒಂದು ತಿಂಗಳ ಮಾತ್ರೆಯನ್ನು ಕೊಟ್ಟು ಕಳಿಸಿ.